ಹಗರಿಯ ಹೊಲ, ರಾಯಚೂರಿನ ಪಾಠಶಾಲೆ

ಕೇಳುಗ ಬಾಂಧವರಿಗೆ ನಮಸ್ಕಾರ.

ಬಳ್ಳಾರಿಯಿಂದ ಗುಂತಕಲ್ಲಿನ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಹಗರಿ ಎಂಬ ಚಿಕ್ಕ ನಿಲ್ದಾಣ ಸಿಗುತ್ತದೆ. ವೇದಾವತಿ ನದಿಯನ್ನು ನಮ್ಮ ಸೀಮೆಯ ಜನ ಕರೆಯುವ ಹೆಸರೇ ಆ ಜಾಗಕ್ಕೂ ಬಂದಿದೆ. ಅಲ್ಲಿಯ ಎರೆ, ಅಂದರೆ ಕಪ್ಪು ಮಣ್ಣಿನ, ಭೂಮಿಯಲ್ಲಿ ಆಗಿನ ಮದ್ರಾಸ್ ಸರ್ಕಾರವು 1906ರಲ್ಲಿ ಒಂದು ಕೃಷಿ ಸಂಶೋಧನಾ ಕ್ಷೇತ್ರವನ್ನು ತೆರೆಯಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ಒಕ್ಕಲುತನಕ್ಕೆ ಶಾಸ್ತ್ರೀಯ ಶಿಕ್ಷಣ ಹೇಗೆ ಬಂತು ಎಂಬುದನ್ನು ಹೇಳಹೊರಟವರು ಈ ಹೊಲದಿಂದಲೇ ಆರಂಭಿಸಬೇಕಾಗುತ್ತದೆ.

ಆ ಕ್ಷೇತ್ರದ ಹಿನ್ನೆಲೆಯಲ್ಲಿ ಇದ್ದದ್ದು ಬರ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಸೀಮೆ ನೆಲಕಚ್ಚಿತ್ತು. ಅದರ ಬೆನ್ನಿಗೇ ಬಂದ 1880ರ ಬರಗಾಲ ಆಯೋಗವು ಪ್ರತಿ ಪ್ರಾಂತಕ್ಕೂ ಕೃಷಿ ಇಲಾಖೆ ಇರಬೇಕೆಂದು ಸಲಹೆ ಮಾಡಿತು. ಸಲಹೆ ಹೊಲಕ್ಕೆ ಇಳಿಯಲು ಇನ್ನೂ ಕಾಲು ಶತಮಾನ ಹಿಡಿಯಿತೆಂಬುದನ್ನು ಗಮನಿಸಬೇಕು. ಹಗರಿಯಲ್ಲಿ ಹತ್ತಿ ಮತ್ತು ಜೋಳದ ತಳಿಗಳನ್ನು ಆರಿಸಿ ಶುದ್ಧಗೊಳಿಸುವ ಕೆಲಸ ನಡೆಯಿತು. 'ಹಗರಿ-1' ಎಂಬ ಹತ್ತಿಯ ತಳಿ ಆ ಹೊಲದ ಹೆಸರನ್ನೇ ಹೊತ್ತು ಹೊರಬಂತು.

ತುಂಗಭದ್ರೆಯ ಆಚೆ ದಡದಲ್ಲಿ ಬೇರೆಯದೇ ರಾಜ್ಯವಿತ್ತು. ರಾಯಚೂರು ನಿಜಾಮರ ಆಡಳಿತದಲ್ಲಿತ್ತು. ಕೊಪ್ಪಳ ಆ ರಾಜ್ಯದೊಳಗೇ, ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗರ ಮನೆತನದ ಜಹಗೀರಾಗಿತ್ತು. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ಇಡೀ ದೇಶದಲ್ಲಿ ಐದು ಕೇಂದ್ರಗಳನ್ನು ಆರಿಸಿದಾಗ, ಸೊಲ್ಲಾಪುರ, ವಿಜಾಪುರ, ರೋಹ್ಟಕ್‌ಗಳ ಜೊತೆಗೆ ಸೇರಿದ ಇನ್ನೆರಡು ಹೆಸರುಗಳು ಹಗರಿ ಮತ್ತು ರಾಯಚೂರು. ಒಂದೇ ಎರೆ ಮಣ್ಣು, ಒಂದೇ ಹಿಂಗಾರಿ ಜೋಳ, ನಡುವೆ ಒಂದು ಹೊಳೆ. ಆದರೆ ಒಂದು ಕೇಂದ್ರದ ಕಾಗದಪತ್ರ ಮದ್ರಾಸಿಗೆ ಹೋದರೆ ಇನ್ನೊಂದರದು ಹೈದರಾಬಾದಿಗೆ ಹೋಗುತ್ತಿತ್ತು. ಬದು ಹಾಕುವುದು, ಕೆಲವು ವರ್ಷಗಳಿಗೊಮ್ಮೆ ಆಳವಾಗಿ ಉಳುವುದು, ಸಾಲುಗಳ ಅಂತರ ಹೆಚ್ಚಿಸಿ ಬೀಜದ ಪ್ರಮಾಣ ಇಳಿಸುವುದು, ಮೇಲಿಂದ ಮೇಲೆ ಎಡೆಕುಂಟೆ ಹೊಡೆದು ತೇವ ಕಾಯುವುದು, ಇವು ಆ ಕೇಂದ್ರಗಳಿಂದ ಬಂದ ಸಲಹೆಗಳ ಸಾರ. ಇವುಗಳಿಂದ ಇಳುವರಿ ಶೇಕಡಾ 15ರಿಂದ 20ರಷ್ಟು ಹೆಚ್ಚಿತೆಂದು ಕೃಷಿ ಗ್ರಂಥಗಳು ಹೇಳುತ್ತವೆ. ಮೂಲ ಇಳುವರಿಯೇ ಒಂದೆರಡು ಚೀಲವಿದ್ದಾಗ ಅಷ್ಟು ಹೆಚ್ಚಳಕ್ಕಾಗಿ ಎತ್ತಿಗೂ ಆಳಿಗೂ ಮತ್ತೆ ಖರ್ಚು ಮಾಡಲು ರೈತ ಹಿಂಜರಿದಿದ್ದರೆ, ಅದನ್ನು ಅಜ್ಞಾನವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಸಂಶೋಧನೆ ಹೀಗೆ ಮನೆ ಬಾಗಿಲಿನಲ್ಲಿದ್ದರೂ ಓದು ಮಾತ್ರ ದೂರದಲ್ಲೇ ಉಳಿಯಿತು. ಕೃಷಿ ಪದವಿ ಬೇಕೆಂದರೆ ಬಳ್ಳಾರಿಯ ಹುಡುಗ ಕೊಯಮತ್ತೂರಿಗೆ ಹೋಗಬೇಕಿತ್ತು. ರಾಯಚೂರಿನವನಿಗೆ ಹೈದರಾಬಾದಿನ ರಾಜೇಂದ್ರನಗರದಲ್ಲಿ 1946ರಲ್ಲಿ ಕಾಲೇಜು ಆರಂಭವಾಯಿತು. ಧಾರವಾಡದ ಕಾಲೇಜು 1947ರದು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಹ ಸ್ಥಿತಿ ಅದು. ಇದರ ಜೊತೆಗೆ ಭಾಷೆಯ ತೊಡಕೂ ಇತ್ತು. ಒಂದು ದಡದ ಕಚೇರಿಯಲ್ಲಿ ಇಂಗ್ಲಿಷು, ಇನ್ನೊಂದು ದಡದಲ್ಲಿ ಉರ್ದು. ಕೂರಿಗೆ ಹಿಡಿದವನ ಕನ್ನಡಕ್ಕೆ ಎರಡೂ ಕಡೆ ಸ್ಥಾನ ಕಡಿಮೆಯಿತ್ತು.

ಅಷ್ಟರಲ್ಲಿ ನೀರು ಬಂತು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಆ ನೀರಾವರಿಯನ್ನು ಮುಂಗಂಡು ಸಿರುಗುಪ್ಪದಲ್ಲಿ 1937ರಲ್ಲೇ ಸಂಶೋಧನಾ ಕೇಂದ್ರ ಸ್ಥಾಪನೆಯಾಗಿದ್ದುದು ದೂರದೃಷ್ಟಿಯ ಮಾತೇ ಸರಿ. ಯೋಜನೆಯಲ್ಲಿ ಎಡದಂಡೆಯ ಬಹುಭಾಗಕ್ಕೆ ಗೊತ್ತುಪಡಿಸಿದ್ದು ಜೋಳ, ಹತ್ತಿ, ಶೇಂಗಾದಂತಹ ಅರೆನೀರಾವರಿ ಬೆಳೆಗಳು. ಆದರೆ ಆಂಧ್ರದಿಂದ ಬಂದು ಕ್ಯಾಂಪುಗಳೆಂಬ ಹೊಸ ವಸತಿಗಳನ್ನು ಕಟ್ಟಿದ ರೈತರು ಭತ್ತದ ಪಾಠವನ್ನು ತಾವೇ ಹೊತ್ತು ತಂದರು. ಯಾವ ಇಲಾಖೆಯ ವಿಸ್ತರಣಾ ಕಾರ್ಯವೂ ಅಷ್ಟು ಬೇಗ ಹಬ್ಬಿದ್ದಿಲ್ಲ. ಗಂಗಾವತಿ, ಸಿಂಧನೂರು ಭತ್ತದ ಕಣಜವಾದವು, ಕಾಲುವೆಯ ಕೊನೆಯ ಭಾಗದವರು ನೀರಿಗಾಗಿ ಕಾಯುವಂತಾಯಿತು, ತಗ್ಗಿನ ಎರೆ ಹೊಲಗಳಲ್ಲಿ ಸವಳು-ಜವಳು, ಅಂದರೆ ಉಪ್ಪೂ ನಿಂತ ನೀರಿನ ತೇವವೂ, ಏರಿತು. ಗಂಗಾವತಿಯ ಸಂಶೋಧನಾ ಕೇಂದ್ರವು ಬಸಿಗಾಲುವೆ ಮತ್ತು ಸವಳು ನೆಲದ ಸುಧಾರಣೆಯನ್ನು ತನ್ನ ಮುಖ್ಯ ಕೆಲಸ ಮಾಡಿಕೊಂಡದ್ದು ಈ ಕಾರಣದಿಂದ. 'ಗಂಗಾವತಿ ಸೋನಾ' ಭತ್ತವೂ ಅಲ್ಲಿಯದೇ.

ನೀರು ಕಾಣದ ಹೊಲಗಳನ್ನು ಕುರಿತ ಕೆಲಸವೂ ನಿಲ್ಲಲಿಲ್ಲ. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಆರಂಭವಾಯಿತು. ಕೆಂಪು ಮಸಾರಿಗೆ ಹೊಂದುವ ಸಮಪಾತಳಿ ಬದು ಆಳವಾದ ಎರೆಗೆ ಹೊಂದುವುದಿಲ್ಲ: ನೀರು ಬೇಗ ಇಂಗದೆ ಬದುವಿನ ಹಿಂದೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳಲ್ಲಿ ನುಸುಳುತ್ತದೆ, ಕೊನೆಗೆ ಬದುವೇ ಒಡೆಯುತ್ತದೆ. ಆದುದರಿಂದ ಎರೆಯಲ್ಲಿ ತುಸು ಇಳಿಜಾರಿಟ್ಟು ಹೆಚ್ಚಿನ ನೀರನ್ನು ಹುಲ್ಲುಗಾಲುವೆಗೆ ಬಿಡಬೇಕು. ನಮ್ಮ ಹಿರಿಯರು ಬದುವಿಗೆ ಕಲ್ಲಿನ ಕೋಡಿ ಇಡುತ್ತಿದ್ದುದನ್ನು ಕಂಡವರಿಗೆ ಇದು ತೀರಾ ಹೊಸದೆನಿಸದು.

ಕಾಲೇಜು ರಾಯಚೂರಿಗೆ ಬಂದದ್ದು 1980ರ ದಶಕದಲ್ಲಿ. ಹಗರಿಯ ಹೊಲ ತೆರೆದು ಎಪ್ಪತ್ತು ವರ್ಷ ಮೀರಿತ್ತು. ಅದಕ್ಕೂ ಮೊದಲೇ, 1976ರಲ್ಲಿ, ತುಂಗಭದ್ರಾ ಗ್ರಾಮೀಣ ಬ್ಯಾಂಕು ಬಳ್ಳಾರಿಯನ್ನು ಕೇಂದ್ರವಾಗಿಸಿಕೊಂಡು ಹಳ್ಳಿಗಳಿಗೆ ಬೆಳೆಸಾಲ ಒಯ್ದಿತ್ತು. ಸಂಶೋಧನಾ ಕೇಂದ್ರಗಳ ಯಜಮಾನಿಕೆ ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿತ್ತು. 1986ರಲ್ಲಿ ಅದು ಧಾರವಾಡಕ್ಕೆ ಹೋಯಿತು. 2009ರಲ್ಲಿ ರಾಯಚೂರಿಗೇ ಸ್ವಂತ ವಿಶ್ವವಿದ್ಯಾಲಯವಾಯಿತು. ಇಂದು ಹಗರಿ, ಗಂಗಾವತಿ, ರಾಯಚೂರುಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ.

ಇಷ್ಟೆಲ್ಲ ಇದ್ದೂ, ಎಲೆಯ ಮೇಲೆ ಚುಕ್ಕೆ ಕಂಡ ಕೂಡಲೇ ನಮ್ಮ ರೈತ ಮೊದಲು ಹೋಗುವುದು ಪೇಟೆಯ ಗೊಬ್ಬರದ ಅಂಗಡಿಗೆ. ಯಾವ ಎಣ್ಣೆ, ಅಂದರೆ ಬೆಳೆಯ ಔಷಧಿ, ಹೊಡೆಯಬೇಕೆಂದು ಹೇಳುವವನೂ, ಅದನ್ನು ಉದ್ರಿ ಕೊಡುವವನೂ ಅಂಗಡಿಯವನೇ. ಇದನ್ನು ಅರಿತೇ 2003ರಿಂದ ಇಂತಹ ವ್ಯಾಪಾರಿಗಳಿಗಾಗಿ ಒಂದು ವರ್ಷದ ಡಿಪ್ಲೊಮಾ ನಡೆಯುತ್ತಿದೆ. ವಾರಕ್ಕೊಂದು ದಿನ ತರಗತಿ, ನಡುನಡುವೆ ಹೊಲದ ಭೇಟಿ, ಪಾಠ ಆಯಾ ಪ್ರದೇಶದ ಭಾಷೆಯಲ್ಲಿ. ಅದನ್ನು ರೂಪಿಸಿದ ರಾಷ್ಟ್ರೀಯ ಸಂಸ್ಥೆಯಿರುವುದು ಹೈದರಾಬಾದಿನ ರಾಜೇಂದ್ರನಗರದಲ್ಲಿ. ರಾಯಚೂರಿನ ಹುಡುಗರು ಒಂದು ಕಾಲಕ್ಕೆ ಗಂಟುಮೂಟೆ ಕಟ್ಟಿಕೊಂಡು ಓದಲು ಹೋಗುತ್ತಿದ್ದ ಊರಿನ ಪಾಠ ಈಗ ಕನ್ನಡದಲ್ಲಿ, ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ಬಂದಿದೆ.

ನಮಸ್ಕಾರ.