ಹುಬ್ಬು ಏರಿಸದ ಗೊಂಬೆ
ಹಿಂದೆ ಕೇಳುತ್ತಿರುವ ಸದ್ದು ಮಳೆ. ಕದ್ರಿಯಲ್ಲಿ ಬೆಳಗ್ಗಿನಿಂದ ಬಿಟ್ಟೇ ಇಲ್ಲ, ಕಿಟಕಿ ಹಾಕಿದರೆ ಬೆವರು, ತೆಗೆದರೆ ಮೈಕಿಗೆ ನೀರು, ಇವತ್ತು ಹೀಗೇ ಕೇಳಿಸಿಕೊಳ್ಳಿ.

ಈ ನೀಲಿ ಅಂಗಿಯ ಗೊಂಬೆ ನನ್ನದೇ. ಬ್ಲೆಂಡರ್ ಅನ್ನುವ 3ಡಿ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಸಾಫ್ಟ್‌ವೇರ್ ಫ್ರೀ, ಬೆನ್ನುನೋವೂ ಫ್ರೀ. ಸನ್ನೆ ಭಾಷೆ ಕಲಿಯುವವರಿಗೆ ಅಂತ ಇದರ ಕೈಯಲ್ಲಿ ಸಣ್ಣ ಸಣ್ಣ ವಾಕ್ಯ ಹೇಳಿಸುತ್ತಿದ್ದೇನೆ. ನೋಡಿ, ಬಲಗೈ ಬೆರಳು ಎಡ ಅಂಗೈ ಒಳಗೇ ನುಗ್ಗಿತು. ಅಮೆರಿಕದವರಿಗೆ ಎಬಿಸಿಡಿ ತೋರಿಸಲು ಒಂದು ಕೈ ಸಾಕು, ನಮ್ಮಲ್ಲಿ ಹೆಚ್ಚಿನ ಅಕ್ಷರಕ್ಕೆ ಎರಡೂ ಕೈ ಬೇಕು. ಬೆರಳಿಗೆ ಬೆರಳು ತಾಗಬೇಕು, ತೂರಬಾರದು.

ಅದಿರಲಿ, ಮೊನ್ನೆ ರಾತ್ರಿಯದ್ದು ಹೇಳಲೇಬೇಕು. ನಾಲ್ಕೇ ಸೆಕೆಂಡಿನ ತುಂಡು. ಸೆಕೆಂಡಿಗೆ 24 ಫ್ರೇಮ್, ಒಟ್ಟು 96. ನನ್ನ ಹಳೇ ಲ್ಯಾಪ್‌ಟಾಪಿಗೆ ಒಂದು ಫ್ರೇಮಿಗೆ ಮೂರು ನಿಮಿಷ, ಅಂದರೆ ಐದು ಗಂಟೆಗೆ ಸ್ವಲ್ಪ ಕಮ್ಮಿ. ರೆಂಡರ್‌ಗೆ, ಅಂದರೆ ಕಂಪ್ಯೂಟರ್ ಒಂದೊಂದೇ ಫ್ರೇಮಿನ ಚಿತ್ರ ಪೂರ್ತಿ ಮಾಡಲಿ ಅಂತ, ಹಾಕಿ ಮಲಗಿದೆ. ನಾಲ್ಕಕ್ಕೆ ಎದ್ದು ನೋಡುವಾಗ 90 ಮುಗಿದಿತ್ತು, ನೀರು ಕುಡಿದು ಬರುವಷ್ಟರಲ್ಲಿ ಕರೆಂಟ್ ಹೋಯ್ತು. ಬ್ಯಾಟರಿ ಸತ್ತು ವರ್ಷ ಆಯ್ತು, ಹೊಸದಕ್ಕೆ 3,500 ಕೇಳುತ್ತಾರೆ, ಇವತ್ತು ನಾಳೆ ಅಂತ ತಳ್ಳಿದ್ದೆ. ಅದಕ್ಕಿಂತ ದೊಡ್ಡ ಪೆದ್ದುತನ ಅಂದರೆ ನೇರ ಎಂಪಿ4, ಎಲ್ಲ ಸೇರಿ ಒಂದೇ ವಿಡಿಯೋ ಫೈಲ್, ಕೊಟ್ಟಿದ್ದೆ. ಫೈಲ್ ಉಂಟು, ತೆರೆಯುವುದಿಲ್ಲ! ಫ್ರೇಮಿಗೊಂದು ಪಿಎನ್‌ಜಿ ಚಿತ್ರ ಉಳಿಸಿದ್ದರೆ ಬಾಕಿ ಆರು ಮಾಡಿದರೆ ಸಾಕಿತ್ತು. ಗೊತ್ತಿತ್ತು ಮಾರಾಯ್ರೆ, ಗೊತ್ತಿದ್ದೂ ಮಾಡಿದ್ದು.

ಮತ್ತೆ ಐದು ಗಂಟೆ ಕೂತು ಮಾಡಿ, ಕೆಳಗಿನ ಮನೆಯ ಅಕ್ಕನ ಮಗಳಿಗೆ ತೋರಿಸಿದೆ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನೋಡಿದಳು, ನಕ್ಕಳು, ತನ್ನ ಹುಬ್ಬು ಮುಟ್ಟಿ ತೋರಿಸಿದಳು. ಅಕ್ಕ ಹೇಳಿದರು, "ನಿನ್ನ ಗೊಂಬೆ ಊಟ ಆಯ್ತು ಅಂತ ಹೇಳ್ತಾ ಉಂಟು, ಆಯ್ತಾ ಅಂತ ಕೇಳ್ತಾ ಇಲ್ಲ." ನಾವು ಕೊನೆಗೊಂದು ದೀರ್ಘ ಎಳೆದರೆ ಪ್ರಶ್ನೆ. ಸನ್ನೆ ಭಾಷೆಯಲ್ಲಿ ಆ ದೀರ್ಘ ಹುಬ್ಬಿನಲ್ಲಿ ಇರುವುದು, ಹುಬ್ಬು ಮೇಲೆ, ತಲೆ ಸ್ವಲ್ಪ ಮುಂದೆ. ನಾನು ವಾರವಿಡೀ ಬೆರಳನ್ನೇ ತಿದ್ದುತ್ತಾ ಕೂತಿದ್ದೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವ ನಾನು, ಕಣ್ಣರಳಿಸದೆ ಬರೀ ಕೈ ಆಡಿಸುವ ವೇಷ ಯಾರಿಗೆ ಬೇಕು?

ಆವಾಗ ಅನಿಸಿತು, ಈ ಗೊಂಬೆಯೇ ದಂಡ. ದೆಹಲಿಯ ಸನ್ನೆ ಭಾಷಾ ಕೇಂದ್ರದ ನಿಘಂಟಿನಲ್ಲಿ 2021ಕ್ಕೇ 10,000 ಪದ ಆಗಿದೆ, ಮನುಷ್ಯರೇ ಮಾಡಿ ತೋರಿಸುವ ವಿಡಿಯೋ. ಅದು ಸಾಕಲ್ವಾ? ಆದರೆ ಈಗ ನೋಡಿ, ಗೊಂಬೆಯನ್ನು ತಿರುಗಿಸಿದೆ. ಬೆನ್ನ ಹಿಂದಿನಿಂದ, ಅದರ ಕೈ ನಮ್ಮದೇ ಕೈಯ ಹಾಗೆ ಕಾಣುತ್ತದೆ. ಎದುರು ನಿಂತವರನ್ನು ನೋಡಿ ಕಲಿಯುವಾಗ ನನಗೆ ಎಡ ಬಲ ಯಾವಾಗಲೂ ಅದಲು ಬದಲು. ವಿಡಿಯೋದಲ್ಲಿ ಇದು ಆಗದ ಕೆಲಸ. ಸರಿ, ಗೊಂಬೆ ಇರಲಿ.

ಹುಬ್ಬು ಏರಿಸಿದೆ. ಅಯ್ಯೋ ಜಾಸ್ತಿ ಆಯ್ತು, ಊಟ ಕೇಳುವ ಮುಖ ಅಲ್ಲ, ಹಾವು ಕಂಡ ಮುಖ. ಕಮ್ಮಿ ಮಾಡುತ್ತೇನೆ. ಪಿಎನ್‌ಜಿ ಒತ್ತಿದ್ದೇನೆ, ಇಗೋ, ನೀವೇ ಸಾಕ್ಷಿ. ಲೈಟ್ ಮಿಣಮಿಣ ಅನ್ನುತ್ತಿದೆ, ನಿಲ್ಲಿಸುತ್ತೇನೆ.