ನಿಟ್ಟೂರಿನ ಬಂಡೆಗಲ್ಲು, ಸಮಾರ್ಯದವನ ಕತಿ

ಎಲ್ಲಾರಿಗೂ ನಮಸ್ಕಾರ ರೀ. ಬಳ್ಳಾರಿ ಕೌಲ್ ಬಜಾರ್‌ನ್ಯಾಗ ನನ್ನ ದೋಸ್ತ್ ಒಬ್ಬಾಂವ ಅದಾನ, ಸಣ್ಣೋರಿದ್ದಾಗಿಂದ ಕೂಡಿ ಬೆಳದೋರು ನಾವು, ಐತವಾರ ಚರ್ಚ್ ತಪ್ಪಿಸೋ ಮನುಷ್ಯಾ ಅಲ್ಲ. ಮೊನ್ನೆ ಚಾ ಕುಡಿಯೋವಾಗ ಕೇಳಿದ, "ದೇವರೇ ತಿಳಿಸಿ ಕೊಡದಿದ್ರ ಸುಳ್ಳು ಹೇಳೋದು ತಪ್ಪು ಅಂತ ನಿನಗ ಹೆಂಗ ಗೊತ್ತಾಗ್ತಿತ್ತಲೇ? ಬೈಬಲ್ ತಗದ್ರ ನೀತಿಗೆ ಬುನಾದಿ ಎಲ್ಲೈತಿ?" ಅಂತ. ಆವಾಗಿಂದ ಅದೇ ತಲ್ಯಾಗ ಕುಂತೈತಿ ನೋಡ್ರಿ.

ಬೈಬಲ್ ನಮ್ಮೂರಿಗೆ ಹೊಸದಲ್ಲ. 1810ರಾಗ ಲಂಡನ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯ ಪಾದ್ರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಕನ್ನಡ ಕಲ್ತು, ಬೈಬಲ್ ಕನ್ನಡಕ್ಕ ತಂದ್ರು, ಆ ದುಡಿಮಿ ಬಗ್ಗೆ ನನಗ ಭಾಳ ಗೌರವ ಐತಿ. ಆದ್ರ ಅದಕ್ಕೂ ಎರಡು ಸಾವಿರ ವರ್ಷ ಮೊದ್ಲ, ಯೇಸು ಹುಟ್ಟೋಕಿನ ಮುಂಚೆನ, ಸಿರುಗುಪ್ಪ ತಾಲೂಕಿನ ನಿಟ್ಟೂರಾಗ ಅಶೋಕ ಚಕ್ರವರ್ತಿ ಬಂಡೆಗಲ್ಲಿನ ಮ್ಯಾಲ ಬರಸ್ಯಾನ, ತಂದಿ ತಾಯಿ ಮಾತು ಕೇಳ್ರಿ, ಜೀವಗಳ ಮ್ಯಾಲ ದಯೆ ಇರ್ಲಿ, ಸತ್ಯ ನುಡೀರಿ ಅಂತ. ಕಳಿಂಗ ಯುದ್ಧದಾಗ ಸತ್ತೋರ್ನ ನೆನಸಿ ಸಂಕಟ ಪಟ್ಟಾಂವ ಅಂವ, ಆ ಸಂಕಟಕ್ಕ ಯಾವ ಪ್ರವಾದಿ ಬಂದು ಹೇಳಬೇಕಾಗಿತ್ತು?

ಬೈಬಲ್‌ನ್ಯಾಗ ಯೇಸುವಿನ ಅಪೊಸ್ತಲ ಪೌಲನೂ ರೋಮಾಪುರದವರಿಗೆ ಬರದ ಪತ್ರದ ಎರಡನೇ ಅಧ್ಯಾಯದಾಗ, ಯೆಹೂದ್ಯರ ಧರ್ಮಶಾಸ್ತ್ರ ಇಲ್ಲದ ಜನರ ಹೃದಯದಾಗೂ ಅದು ಬರದೈತಿ ಅಂತಾನ, ಮುಂದ 13ನೇ ಶತಮಾನದಾಗ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಬುದ್ಧಿಗೆ ಸಹಜವಾಗೇ ತಿಳಿಯೋ ನೀತಿ ಐತಿ ಅಂತ ವಾದಿಸಿದ.

ಆದ್ರ ನನ್ನ ಹಿಡಿದಿರೋದು ಸಮಾರ್ಯದವನ ಕತಿ, ನನ್ನ ನೆರೆಯವ ಯಾರು ಅಂತ ಕೇಳಿದ ಒಬ್ಬ ಧರ್ಮಶಾಸ್ತ್ರಿಗೆ ಯೇಸು ಹೇಳಿದ್ದು. ಕಳ್ಳರು ಬಡದು ದಾರ್ಯಾಗ ಬಿಸಾಕಿದ ಮನುಷ್ಯಾ, ಯಾಜಕ ನೋಡಿ ದಾಟಿ ಹೋದ, ದೇವಾಲಯದ ಸೇವೆ ಮಾಡೋ ಲೇವಿಯನೂ ಹೋದ, ಯೆಹೂದ್ಯರು ಕೂಡೋಕ ಒಲ್ಲದ ಸಮಾರ್ಯದವ ಗಾಯಕ್ಕ ಎಣ್ಣಿ ಹಾಕಿ, ತನ್ನ ಪ್ರಾಣಿ ಮ್ಯಾಲ ಹೊತಗೊಂಡು ಹೋಗಿ ಛತ್ರದಾಗ ರೊಕ್ಕ ಕೊಟ್ಟ. ಕಡೀಕ ಯೇಸು ತಾನ ತೀರ್ಪು ಹೇಳೋದಿಲ್ರಿ, ಈ ಮೂವರಾಗ ನೆರೆಯವ ಯಾರು ಅಂತ ಆ ಶಾಸ್ತ್ರಿಗೇ ಕೇಳ್ತಾನ. ಉತ್ತರ ಆ ಶಾಸ್ತ್ರಿ ಒಳಗ ಮೊದ್ಲ ಇರಲಿಲ್ಲಂದ್ರ ಕೇಳಿ ಏನು ಉಪಯೋಗ? ಮತ್ತ ಗ್ರಂಥ ಪೂರ್ತಿ ಗೊತ್ತಿದ್ದೋರೇ ದಾಟಿ ಹೋದೋರು.

ಹಂಗಂತ ಬುದ್ಧಿ ಒಂದೇ ಸಾಕು ಅನ್ನೋದಿಲ್ಲ, ನಮ್ಮ ಬಳ್ಳಾರಿ ಅದನ್ನ ಉಂಡೈತಿ. 1876-78ರ ಬರದಾಗ ಈ ಕಡಿ ಜನ ಹಸದು ಸತ್ರು. ಸರ್ಕಾರದ ಖರ್ಚು ಉಳಸಾಕ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿ, ಬರ ಪರಿಹಾರದ ಕೆಲಸದಾಗ ದಿನಾ ಕಲ್ಲು ಮಣ್ಣು ಹೊರೋ ಗಂಡಾಳಿಗೆ ಒಂದು ಪೌಂಡ್ ಕಾಳು, ಅಂದ್ರ ಸುಮಾರು 450 ಗ್ರಾಂ, ಮ್ಯಾಲ ಒಂದಾಣೆ ಸಾಕು ಅಂತ ಇಳಿಸಿದ. ಲೆಕ್ಕ ಚೊಕ್ಕ ಇತ್ತು, ಹೊಟ್ಟಿ ಕಾಣಲಿಲ್ಲ. ಅದಕ್ಕ ಅಡ್ಡ ನಿಂತಾಂವ ಮದ್ರಾಸ್ ಸರ್ಕಾರದ ಆರೋಗ್ಯಾಧಿಕಾರಿ ಕಾರ್ನಿಶ್, ಅಂವ ಹಿಡಿದದ್ದೂ ಲೆಕ್ಕಾನ, ಆದ್ರ ಕೂಲಿಯವನ ಮೈಗೆ ಎಷ್ಟು ಅನ್ನ ಬೇಕು ಅನ್ನೋ ಲೆಕ್ಕ.

ಇದನ್ನೆಲ್ಲಾ ದೋಸ್ತಗ ಹೇಳಿದೆ. ಸುಮ್ನ ಕೇಳಿದ, ಆಮ್ಯಾಲ "ತಪ್ಪು ಅಂತ ಗೊತ್ತಿದ್ರೂ ರಾತ್ರಿ ಎದ್ದು ಒಬ್ಬರ ಗಾಯ ತೊಳಿಯಾಕ ನನಗ ಬಲ ಬರೋದು ಪ್ರಾರ್ಥನೆಯಿಂದ" ಅಂದ. ಅದಕ್ಕ ನನ್ನ ಹತ್ರ ಎದುರು ಮಾತಿಲ್ಲ, ಅಂವ ಹಂಗ ಮಾಡಿದ್ದನ್ನ ಕಣ್ಣಾರೆ ನೋಡೀನಿ. ಬರೋ ಐತವಾರ ಚರ್ಚ್ ಮುಗಿದ ಮ್ಯಾಲ ಇಬ್ರೂ ಗಾಡಿ ತಗೊಂಡು ನಿಟ್ಟೂರಿಗೆ ಹೊಂಟೀವಿ, ಆ ಬಂಡೆಗಲ್ಲು ಅಂವ ಇನ್ನೂ ನೋಡಿಲ್ಲಂತ.