ಕಾದಂಬರಿಯ ನಡುದಾರಿಯಲ್ಲಿ

ಗೆಳೆಯರೇ,

ಕಾದಂಬರಿಯ ಮೊದಲ ಐವತ್ತು ಪುಟ ಹುರುಪಿನಲ್ಲೇ ಮುಗಿದುಹೋಗುತ್ತವೆ. ಕೊನೆಯ ಭಾಗಕ್ಕೂ ತಾನಾಗಿಯೇ ಒಂದು ಓಟ ಬರುತ್ತದೆ. ಕೈ ಸೋಲುವುದು ನಡುವೆ. ಬರೆದದ್ದೆಲ್ಲ ಸಪ್ಪೆ ಅನ್ನಿಸುತ್ತದೆ, ಇನ್ಯಾವುದೋ ಹೊಸ ಕಥೆ ಕೈಬೀಸಿ ಕರೆಯುತ್ತದೆ. ಈ ಕಮ್ಮಟಕ್ಕೆ ಬಂದವರಲ್ಲಿ ಹಲವರು ಅಲ್ಲೇ ನಿಂತಿದ್ದೀರಿ ಎಂದು ಬೆಳಗಿನ ಮಾತುಕತೆಯಲ್ಲಿ ತಿಳಿಯಿತು.

ಅಮೆರಿಕದ ಜಾನ್ ಸ್ಟೈನ್‌ಬೆಕ್ 1951ರಲ್ಲಿ ‘ಈಸ್ಟ್ ಆಫ್ ಈಡನ್’ ಬರೆಯುತ್ತಿದ್ದರು. ಪುಲಿಟ್ಜರ್ ಪ್ರಶಸ್ತಿ ಬಂದು ಹತ್ತು ವರ್ಷ ದಾಟಿತ್ತು, ಆದರೂ ಅಳುಕು ಬಿಟ್ಟಿರಲಿಲ್ಲ. ದೊಡ್ಡದೊಂದು ನೋಟ್‌ಬುಕ್ಕಿನ ಬಲಪುಟದಲ್ಲಿ ಕಾದಂಬರಿ. ಎಡಪುಟದಲ್ಲಿ ತಮ್ಮ ಸಂಪಾದಕ, ಗೆಳೆಯ ಪಾಸ್ಕಲ್ ಕೊವಿಚಿಗೆ ಪತ್ರ. ಕೆಲಸ ಶುರುವಾಗುತ್ತಿದ್ದದ್ದೇ ಪತ್ರದಿಂದ. ಪೆನ್ಸಿಲ್ಲಿನ ಮೊನೆ, ಮಕ್ಕಳು, ತನ್ನಿಂದ ಇದು ಆದೀತೇ ಎಂಬ ಭಯ, ಆ ದಿನ ಬರೆಯಬೇಕಾದ ಭಾಗ, ಎಲ್ಲವೂ ಅದರಲ್ಲಿವೆ. ಆಮೇಲೆ ಬಲಪುಟ. ಹೀಗೆ ಫೆಬ್ರುವರಿಯಿಂದ ನವೆಂಬರ್‌ವರೆಗೆ. ಕೊನೆಗೆ ಮರದ ಪೆಟ್ಟಿಗೆಯೊಂದನ್ನು ತಾವೇ ಕೆತ್ತಿ, ಹಸ್ತಪ್ರತಿಯನ್ನು ಅದರಲ್ಲಿಟ್ಟು ಕೊವಿಚಿಗೆ ಕೊಟ್ಟರು.

ಫ್ರಾನ್ಸಿನ ಫ್ಲೋಬೇರ್‌ಗೆ ‘ಮದಾಂ ಬೊವಾರಿ’ಯ ಕೃಷಿ ಮೇಳದ ಭಾಗವೊಂದೇ 1853ರಲ್ಲಿ ತಿಂಗಳುಗಟ್ಟಲೆ ಹಿಡಿಯಿತು. ಆ ಸಂಕಟವನ್ನೆಲ್ಲ ಅವರು ತಮ್ಮ ಪ್ರೇಯಸಿ, ಕವಯಿತ್ರಿ ಲೂಯೀಸ್ ಕೊಲೇ ಅವರಿಗೆ ಪತ್ರಗಳಲ್ಲಿ ತೋಡಿಕೊಂಡರು.

ಈ ಪತ್ರಗಳಿಂದ ಎದೆ ಹಗುರಾಗುವುದು ನಿಜ. ಆದರೆ ನನಗೆ ಮುಖ್ಯವೆನಿಸುವುದು ಬೇರೆ. ದಣಿದಿರುವುದು ನಾವೋ, ಕಥೆಯೋ ಎಂದು ಪತ್ರ ಬರೆದಾಗ ಗೊತ್ತಾಗುತ್ತದೆ. ನಿಮ್ಮ ಕಾದಂಬರಿಯಲ್ಲಿ ಅಪ್ಪ ತೀರಿಕೊಂಡಿದ್ದಾನೆ, ಆಸ್ತಿ ಪಾಲಾಗಬೇಕು ಎಂದಿಟ್ಟುಕೊಳ್ಳಿ. ವಾರಗಟ್ಟಲೆಯಿಂದ ಅಣ್ಣ ವಕೀಲರ ಆಫೀಸಿನ ಮೆಟ್ಟಿಲ ಮೇಲೇ ನಿಂತಿದ್ದಾನೆ, ಒಳಗೆ ಹೋಗುತ್ತಿಲ್ಲ. ನೀವು ಸೋಮಾರಿತನ ಎಂದು ನಿಮ್ಮನ್ನೇ ಬೈದುಕೊಳ್ಳುತ್ತೀರಿ. ಅದರ ಬದಲು ಗೆಳತಿಯೊಬ್ಬಳಿಗೆ ಬರೆಯಿರಿ: “ನೋಡೇ, ಅಣ್ಣ ಪಾಲು ಕೇಳೋಕೆ ಹೊರಟಿದ್ದಾನೆ, ತಂಗಿ...” ಅಲ್ಲಿ ಪೆನ್ನು ನಿಲ್ಲುತ್ತದೆ. ತಂಗಿ ನಲವತ್ತು ಪುಟಗಳಿಂದ ಬಾಯಿಯೇ ಬಿಟ್ಟಿಲ್ಲ. ಸಹಿ ಹಾಕಲು ಅವಳು ಒಪ್ಪಿದ್ದಾಳೋ ಇಲ್ಲವೋ ನಿಮಗೇ ಗೊತ್ತಿಲ್ಲ. ಅಣ್ಣ ನಿಂತದ್ದು ಅದಕ್ಕೇ. ಅವತ್ತು ಅವನನ್ನು ಅಲ್ಲೇ ಬಿಟ್ಟು ತಂಗಿಯ ಮನೆಗೆ ಹೋಗಿ.

ಪತ್ರದಲ್ಲಿ ಇಂಥದ್ದೇನೂ ಸಿಗದೆ ಬರೀ ಬೆನ್ನುನೋವು, ನಿದ್ದೆಗೇಡು, ಆಫೀಸಿನ ಗೋಳು ತುಂಬಿದ್ದರೆ ದಣಿದಿರುವುದು ನೀವು. ಮಲಗಿ. ಅದರಲ್ಲಿ ತಪ್ಪಿಲ್ಲ.

ನಮ್ಮಲ್ಲಿ ಬರೆಸುವ ಕೆಲಸವನ್ನು ವಾರಪತ್ರಿಕೆಗಳೂ ಮಾಡಿದವು. ‘ಸುಧಾ’, ‘ಪ್ರಜಾಮತ’ಗಳ ಧಾರಾವಾಹಿಗೆ ಓದುಗರು ವಾರವಿಡೀ ಕಾಯುತ್ತಿದ್ದರು. ಆ ಜಾಗ ಈಗ ತುಂಬ ಕಿರಿದಾಗಿದೆ, ಅದು ದೊಡ್ಡ ನಷ್ಟವೆಂದೇ ನಾನು ತಿಳಿದಿದ್ದೇನೆ. ಮುಂದೇನಾಯ್ತು ಎಂದು ಕೇಳುವ ಒಬ್ಬರನ್ನಾದರೂ ನಾವೇ ಹುಡುಕಿಕೊಳ್ಳಬೇಕು. ಅವರು ಸಾಹಿತಿಯೇ ಆಗಬೇಕಿಲ್ಲ. ವಿಮರ್ಶೆಯೂ ಬೇಡ, ಕೇಳಿದರೆ ಸಾಕು.

ಊಟದ ನಂತರ ಇಬ್ಬಿಬ್ಬರಾಗಿ ಕೂತುಕೊಳ್ಳೋಣ. ನಿಂತುಹೋದ ಅಧ್ಯಾಯದ ಬಗ್ಗೆ ಪಕ್ಕದವರಿಗೆ ಒಂದು ಪುಟದ ಪತ್ರ ಬರೆಯಿರಿ. ಹಸ್ತಪ್ರತಿ ಸದ್ಯಕ್ಕೆ ಚೀಲದಲ್ಲೇ ಇರಲಿ.